ಕಂಪ್ಯೂಟರ್ ಪದೇ ಪದೇ ‘ಕ್ರ್ಯಾಶ್’ ಆಗ್ತಿದ್ಯಾ? ಫಾರ್ಮ್ಯಾಟ್ ಹೊಡೆಸೋ ಮುನ್ನ ಇದನ್ನ ಓದಿ

ಸಂತೆಮರಹಳ್ಳಿ: ಪಹಣಿ ಪ್ರಿಂಟ್ ತೆಗೆಯೋ ಅಂಗಡಿ ಇರಲಿ, ಲಗ್ನಪತ್ರಿಕೆ ಮಾಡೋ ಡಿಟಿಪಿ ಸೆಂಟರ್ ಇರಲಿ, ಫೋಟೋ ಸ್ಟುಡಿಯೋ ಇರಲಿ, ಕೆಲಸ ಜೋರಾಗಿ ನಡೆಯೋ ಹೊತ್ತಲ್ಲೇ ಕಂಪ್ಯೂಟರ್ ಕೈಕೊಡೋದು. ದೊಡ್ಡ ಫೋಲ್ಡರ್ ಕಾಪಿಗೆ ಹಾಕಿ ಐದು ನಿಮಿಷ ಆಗಿರಲ್ಲ, ನೀಲಿ ಪರದೆ. ಲಿನಕ್ಸ್ ಯಂತ್ರವಾದರೆ ಕಪ್ಪು ಪರದೆ ಮೇಲೆ ಬಿಳಿ ಅಕ್ಷರದ ಸಾಲು ಸಾಲು, ಕೀಬೋರ್ಡಿನ ದೀಪ ಪಿಳಿಪಿಳಿ. ಆಫ್ ಮಾಡಿ ಆನ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಓಡುತ್ತೆ. ಮಾರನೇ ದಿನ ಮತ್ತದೇ ಕತೆ.

“ಫಾರ್ಮ್ಯಾಟ್ ಹೊಡೆಸ್ಬುಡಣ್ಣ, ಎಲ್ಲಾ ಸರಿಹೋಯ್ತದೆ.” ರಿಪೇರಿಗೆ ಕರೆಸಿದವರ ಬಾಯಲ್ಲಿ ಮೊದಲು ಬರೋ ಮಾತು ಇದು. ಕೆಲವು ಸಲ ಸರಿನೂ ಹೋಗುತ್ತೆ. ಆದರೆ ಡಿಸ್ಕ್‌ನಲ್ಲಿದ್ದ ಮದುವೆ ಫೋಟೋ ಹೋದರೆ ಮತ್ತೆ ತೆಗೆಯೋಕೆ ಆ ಮದುವೆ ಇನ್ನೊಂದು ಸಲ ನಡೆಯಲ್ಲ. ಇನ್ನು ಕೆಲವು ಸಲ ಫಾರ್ಮ್ಯಾಟ್ ಆದ ವಾರದೊಳಗೇ ನೀಲಿ ಪರದೆ ಮತ್ತೆ ಹಾಜರ್. ಯಾಕಂದ್ರೆ ರೋಗ ಡಿಸ್ಕ್‌ನಲ್ಲಿ ಇರಲೇ ಇಲ್ಲ.

ಇಂಥ ಕ್ರ್ಯಾಶ್‌ಗಳಲ್ಲಿ ಹಿಡಿಯೋಕೆ ಕಷ್ಟವಾದ ಒಂದು ಜಾತಿ ಇದೆ. ಡಿಸ್ಕ್ ಚೆನ್ನಾಗಿರುತ್ತೆ, ಫೈಲ್‌ಸಿಸ್ಟಮ್ ಚೆನ್ನಾಗಿರುತ್ತೆ, ಕರ್ನಲ್ ಕೂಡ ಬಿಡಿಬಿಡಿಯಾಗಿ ನೋಡಿದರೆ ಚೆನ್ನಾಗೇ ಇರುತ್ತೆ. ಆದರೆ ಮೂರೂ ಸೇರಿದಾಗ ಜಾಗ ಸಾಲದೆ ಕುಸಿಯುತ್ತೆ. ಅದು ಯಾಕೆ, ಪತ್ತೆ ಹಚ್ಚೋದು ಹೇಗೆ, ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದರ ವಿವರ ಇಲ್ಲಿದೆ.

ಕರ್ನಲ್ ಅಂದ್ರೆ ಏನು?

ನಾವು ಬಳಸೋ ನುಡಿ, ಫೋಟೋಶಾಪ್, ಬ್ರೌಸರ್ ಇವೆಲ್ಲ ಮೇಲಿನ ಕಾರ್ಯಕ್ರಮಗಳು. ಇವು ಯಾವುವೂ ನೇರವಾಗಿ ಡಿಸ್ಕ್ ಮುಟ್ಟೋ ಹಾಗಿಲ್ಲ. “ಈ ಫೈಲ್ ಉಳಿಸು” ಅಂತ ಒಳಗಿನ ಯಜಮಾನನನ್ನ ಕೇಳಬೇಕು. ಆ ಯಜಮಾನನೇ ಕರ್ನಲ್. ನುಡಿ ಕೆಟ್ಟರೆ ನುಡಿ ಮಾತ್ರ ಮುಚ್ಚಿಕೊಳ್ಳುತ್ತೆ. ಕರ್ನಲ್ ಕೆಟ್ಟರೆ ಇಡೀ ಯಂತ್ರವೇ ನಿಲ್ಲುತ್ತೆ. ವಿಂಡೋಸ್‌ನಲ್ಲಿ ಇದನ್ನೇ ನೀಲಿ ಪರದೆ ಅನ್ನೋದು. ಲಿನಕ್ಸ್‌ನಲ್ಲಿ ಎರಡು ಹಂತ ಇದೆ. ‘ಊಪ್ಸ್’ ಅಂದ್ರೆ ಕರ್ನಲ್ ಎಡವಿತು, ಆದರೂ ಹೇಗೋ ಓಡ್ತಿರಬಹುದು. ‘ಪ್ಯಾನಿಕ್’ ಅಂದ್ರೆ ಕರ್ನಲ್ ಕೈಚೆಲ್ಲಿ ನಿಂತೇಬಿಟ್ಟಿತು.

ಕರ್ನಲ್ ಯಾಕೆ ತಾನಾಗೇ ನಿಲ್ಲುತ್ತೆ? ಒಳಗಿನ ಲೆಕ್ಕ ತಪ್ಪಿದೆ ಅಂತ ಗೊತ್ತಾದ ಮೇಲೂ ಬರೆಯುತ್ತಾ ಹೋದರೆ ಡಿಸ್ಕ್‌ನಲ್ಲಿರೋದೆಲ್ಲ ಹಾಳಾಗುತ್ತೆ. ಅದಕ್ಕಿಂತ ನಿಲ್ಲೋದೇ ವಾಸಿ. ಹಾಗಾಗಿ ನೀಲಿ ಪರದೆ ಕಂಡ ತಕ್ಷಣ ಬೈಕೊಳ್ಳೋ ಬದಲು ಅದು ಏನು ಹೇಳ್ತಿದೆ ಅಂತ ಓದೋದು ಒಳ್ಳೇದು.

ಸ್ಟ್ಯಾಕ್: ಎತ್ತರ ನಿಗದಿಯಾಗಿರೋ ಸ್ಟ್ಯಾಂಡು

ರೇಷ್ಮೆ ಹುಳು ಸಾಕಿದ ಮನೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಹುಳು ಮನೆಯಲ್ಲಿ ತಟ್ಟೆ ಜೋಡಿಸೋ ಸ್ಟ್ಯಾಂಡಿಗೆ ಇಷ್ಟೇ ಅಂತಸ್ತು ಅಂತ ಇರುತ್ತೆ. ಬೆಳೆ ಜಾಸ್ತಿ ಬಂತು ಅಂತ ಸ್ಟ್ಯಾಂಡು ತಾನಾಗೇ ಬೆಳೆಯಲ್ಲ.

ಕರ್ನಲ್ ಒಳಗೂ ಇಂಥದ್ದೇ ಒಂದು ಜಾಗ ಇದೆ, ಅದರ ಹೆಸರು ಸ್ಟ್ಯಾಕ್. ಒಂದು ಫೈಲ್ ಉಳಿಸಬೇಕಾದರೆ ಒಬ್ಬನೇ ಎಲ್ಲಾ ಮಾಡಲ್ಲ. ಮೊದಲನೆಯ ಕೆಲಸಗಾರ ತನ್ನ ಅರ್ಧ ಲೆಕ್ಕವನ್ನ ಒಂದು ತಟ್ಟೆಯಲ್ಲಿಟ್ಟು ಎರಡನೆಯವನನ್ನ ಕರೆಯುತ್ತಾನೆ. ಅವನು ತನ್ನ ತಟ್ಟೆ ಇಟ್ಟು ಮೂರನೆಯವನನ್ನ ಕರೆಯುತ್ತಾನೆ. ಕೊನೆಯವನು ಡಿಸ್ಕ್‌ಗೆ ಬರೆದು ಮುಗಿಸಿದ ಮೇಲೆ ಒಬ್ಬೊಬ್ಬರೇ ವಾಪಸ್ ಬಂದು ತಮ್ಮ ತಟ್ಟೆ ಎತ್ತಿಕೊಳ್ಳುತ್ತಾರೆ. ಕರೆಯೋ ಸರಪಳಿ ಉದ್ದ ಆದಷ್ಟೂ ತಟ್ಟೆ ಜಾಸ್ತಿ.

ಮೇಲಿನ ಕಾರ್ಯಕ್ರಮಗಳಿಗೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 8 ಎಂಬಿವರೆಗೆ ಸ್ಟ್ಯಾಕ್ ಸಿಗುತ್ತೆ, ಬೇಕಾದಂತೆ ಬೆಳೆಯುತ್ತೆ. ಕರ್ನಲ್ ಒಳಗಿನ ಸ್ಟ್ಯಾಕ್ ಹಾಗಲ್ಲ. ಅದರ ಲೆಕ್ಕ ಕೆಬಿಯಲ್ಲಿ, ಮತ್ತೆ ಅದು ಬೆಳೆಯೋದೇ ಇಲ್ಲ. ಹಳೇ 32 ಬಿಟ್ ಲಿನಕ್ಸ್‌ನಲ್ಲಿ ಒಂದು ಕೆಲಸದ ಎಳೆಗೆ 8 ಕೆಬಿ ಇತ್ತು. ವಿಂಡೋಸ್‌ನಲ್ಲಿ 32 ಬಿಟ್ ಆದರೆ 12 ಕೆಬಿ, 64 ಬಿಟ್ ಆದರೆ 24 ಕೆಬಿ. ಒಂದು ವಾಟ್ಸಾಪ್ ಫೋಟೋದ ಅಳತೆಗೂ ಇದು ಸಾಲದು.

2004ರ ಮೇ ತಿಂಗಳು: ಅಲ್ಲಿ 4 ಕೆಬಿ, ಇಲ್ಲಿ 1 ಮತ

ಸಂತೆಮರಹಳ್ಳಿಯವರಿಗೆ 2004 ಮರೆಯೋ ವರ್ಷವಲ್ಲ. ಆಗ ಇದು ವಿಧಾನಸಭಾ ಕ್ಷೇತ್ರವಾಗಿತ್ತು. ಆ ಮೇ ತಿಂಗಳ ಎಣಿಕೆಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತದಲ್ಲಿ ಫಲಿತಾಂಶ ಆಚೆ ಈಚೆ ಆಯ್ತು. 2008ರಲ್ಲಿ ಕ್ಷೇತ್ರ ಮರುವಿಂಗಡಣೆಯಾಗಿ ಆ ಹೆಸರಿನ ಕ್ಷೇತ್ರವೇ ಇಲ್ಲವಾದರೂ ಆ ಒಂದು ಮತದ ಮಾತು ಇವತ್ತಿಗೂ ನಿಂತಿಲ್ಲ.

ಅದೇ ಮೇ ತಿಂಗಳಲ್ಲಿ ಲಿನಕ್ಸ್ 2.6.6 ಹೊರಬಂತು. ಅದರಲ್ಲಿ ಒಂದು ಹೊಸ ಆಯ್ಕೆ ಇತ್ತು. 32 ಬಿಟ್ ಯಂತ್ರಗಳಲ್ಲಿ ಕರ್ನಲ್ ಸ್ಟ್ಯಾಕ್ ಅನ್ನು 8 ಕೆಬಿಯಿಂದ 4 ಕೆಬಿಗೆ ಇಳಿಸಬಹುದು. ಅದೇ ತಿಂಗಳು ಬಂದ ಫೆಡೋರಾ ಕೋರ್ 2 ಇದನ್ನ ಹಾಕಿಕೊಂಡೇ ಬಂತು. ಆಮೇಲೆ ರೆಡ್ ಹ್ಯಾಟ್ ಕಂಪನಿಯ 32 ಬಿಟ್ ಕರ್ನಲ್‌ಗಳಲ್ಲೂ ಇದೇ ಇತ್ತು.

ಇಳಿಸಿದ್ದಕ್ಕೆ ಕಾರಣ ಇಲ್ಲದೇ ಇರಲಿಲ್ಲ. ಕಂಪ್ಯೂಟರ್ ಮೆಮೊರಿಯನ್ನ 4 ಕೆಬಿ ತುಂಡುಗಳಾಗಿ ಹಂಚುತ್ತೆ. 8 ಕೆಬಿ ಬೇಕಂದ್ರೆ ಅಕ್ಕಪಕ್ಕದ ಎರಡು ತುಂಡು ಖಾಲಿ ಸಿಗಬೇಕು. ಬಸ್ಸಿನಲ್ಲಿ ಒಂಟಿ ಸೀಟು ಹತ್ತು ಖಾಲಿ ಇದ್ರೂ ಗಂಡ ಹೆಂಡತಿ ಒಟ್ಟಿಗೆ ಕೂರೋಕೆ ಜಾಗ ಇಲ್ಲ ಅನ್ನೋ ಥರ, ಯಂತ್ರ ದಿನಗಟ್ಟಲೆ ಓಡಿದ ಮೇಲೆ ಜೋಡಿ ತುಂಡು ಸಿಗೋದು ಕಷ್ಟ ಆಗುತ್ತೆ. ಜೊತೆಗೆ 10,000 ಎಳೆ ಓಡೋ ಸರ್ವರ್‌ನಲ್ಲಿ ಸ್ಟ್ಯಾಕಿಗೇ 80 ಎಂಬಿ ಹೋಗುತ್ತೆ, 4 ಕೆಬಿ ಮಾಡಿದರೆ 40 ಎಂಬಿ ಸಾಕು. ಆ ಕಾಲಕ್ಕೆ 40 ಎಂಬಿ ಸಣ್ಣದಲ್ಲ.

ಬಹಳಷ್ಟು ಯಂತ್ರ ಸುಸೂತ್ರವಾಗಿ ಓಡಿದವು. ಸಿಕ್ಕಿಬಿದ್ದಿದ್ದು ಒಂದು ಥರದ ಜೋಡಣೆ ಇದ್ದವರು.

ಎಕ್ಸ್‌ಎಫ್‌ಎಸ್ ಮತ್ತು ಅಂತಸ್ತಿನ ಮೇಲೆ ಅಂತಸ್ತು

ಎಕ್ಸ್‌ಎಫ್‌ಎಸ್ ಅನ್ನೋದು ಒಂದು ಫೈಲ್‌ಸಿಸ್ಟಮ್. ಅಂದ್ರೆ ಡಿಸ್ಕ್ ಮೇಲೆ ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡೋ ಪದ್ಧತಿ. ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ 1990ರ ದಶಕದಲ್ಲಿ ತನ್ನ ಐರಿಕ್ಸ್ ವ್ಯವಸ್ಥೆಗೆ ಇದನ್ನ ಮಾಡಿತು. ದೊಡ್ಡ ದೊಡ್ಡ ಫೈಲ್‌ಗಳಿಗೆ ಹೇಳಿ ಮಾಡಿಸಿದಂತಿದೆ. ಆಮೇಲೆ ಲಿನಕ್ಸ್‌ಗೂ ಬಂತು. ಆದರೆ ಕೆಲಸ ಹೆಚ್ಚು ಮಾಡೋದರಿಂದ ಇದರ ಕರೆಯೋ ಸರಪಳಿಯೂ ಉದ್ದ, ಅದಕ್ಕೆ ತಟ್ಟೆ ಜಾಸ್ತಿ ಬೇಕು.

ಈಗ ಒಂದು ಸರ್ವರ್ ನೋಡಿ. ನೆಟ್‌ವರ್ಕ್ ಮೂಲಕ ಫೈಲ್ ಹಂಚೋ ಎನ್‌ಎಫ್‌ಎಸ್ ಮೇಲೆ. ಅದರ ಕೆಳಗೆ ಎಕ್ಸ್‌ಎಫ್‌ಎಸ್. ಅದರ ಕೆಳಗೆ ಡಿಸ್ಕ್ ಭಾಗ ಮಾಡೋ ಎಲ್‌ವಿಎಂ. ಅದರ ಕೆಳಗೆ ಹಲವು ಡಿಸ್ಕ್ ಒಟ್ಟುಗೂಡಿಸೋ ರೇಡ್. ಕೊನೆಗೆ ಡಿಸ್ಕಿನ ಡ್ರೈವರ್. ಒಂದೊಂದು ಕೆಲಸಕ್ಕೆ ಬರೀ 100 ಬೈಟ್ ಅಂದುಕೊಳ್ಳಿ. ಐವತ್ತು ಕೆಲಸಗಾರರು ಸಾಲಾಗಿ ಕರೆದರೆ 5000 ಬೈಟ್ ಆಯ್ತು. 4 ಕೆಬಿ ಅಂದ್ರೆ 4096 ಬೈಟ್ ಮಾತ್ರ. 4097ನೇ ಬೈಟ್ ಬಂದ ಕ್ಷಣ ಆಟ ಮುಗೀತು. ಆ ವರ್ಷ ಈ ಊರಲ್ಲಿ ಒಂದು ಮತ ಮಾಡಿದ ಕೆಲಸವನ್ನ ಕರ್ನಲ್ ಒಳಗೆ ಒಂದು ಬೈಟ್ ಮಾಡುತ್ತೆ.

ಇನ್ನೂ ಒಂದು ತೊಡಕಿತ್ತು. ಮೆಮೊರಿ ತುಂಬಿದಾಗ, ಸರಪಳಿಯ ತಳದಲ್ಲಿರೋ ಕೆಲಸಗಾರ ಸ್ವಲ್ಪ ಮೆಮೊರಿ ಕೇಳಿದರೆ, ಕರ್ನಲ್ “ತಡಿ, ಜಾಗ ಖಾಲಿ ಮಾಡ್ತೀನಿ” ಅಂತ ಬೇರೆ ಫೈಲ್‌ಗಳನ್ನ ಡಿಸ್ಕ್‌ಗೆ ಬರೆಯೋಕೆ ಹೊರಡುತ್ತಿತ್ತು. ಅಂದ್ರೆ ಆಗಲೇ ತುಂಬಿದ ಸ್ಟ್ಯಾಂಡಿನ ಮೇಲೆ ಇನ್ನೊಂದು ಪೂರ್ತಿ ಸರಪಳಿ. ಸುಮ್ಮನೆ ಕೂತಾಗ ಬರದ ಕ್ರ್ಯಾಶ್ ಕೆಲಸದ ಒತ್ತಡದಲ್ಲೇ ಬರೋಕೆ ಇದೊಂದು ಕಾರಣ.

ಬದು ಒಡೆದದ್ದು ಎಲ್ಲೋ, ನೀರು ನಿಂತಿದ್ದು ಎಲ್ಲೋ

ಇದನ್ನ ಹಿಡಿಯೋದು ಯಾಕೆ ಕಷ್ಟ? ನಮ್ಮ ಗದ್ದೆಯ ಬದು ಒಡೆದರೆ ನೀರು ನಿಲ್ಲೋದು ಪಕ್ಕದವರ ಗದ್ದೆಯಲ್ಲಿ. ಸ್ಟ್ಯಾಕ್ ತುಂಬಿ ಹರಿದಾಗಲೂ ಹಾಗೇ ಆಗ್ತಿತ್ತು. ಸ್ಟ್ಯಾಕಿನ ತುದಿಯಲ್ಲೇ ಆ ಎಳೆಯ ಗುರುತಿನ ಚೀಟಿಯಂಥ ಮಾಹಿತಿ ಇರುತ್ತಿತ್ತು. ಅದರ ಮೇಲೆ ಬರೆದುಬಿಡೋದು, ಇಲ್ಲಾ ಪಕ್ಕದ ಮೆಮೊರಿ ಕೆಡಿಸೋದು. ಕ್ರ್ಯಾಶ್ ಆಗೋ ಹೊತ್ತಿಗೆ ಪರದೆ ಮೇಲೆ ಬರೋ ಹೆಸರು ನೆಟ್‌ವರ್ಕ್ ಡ್ರೈವರ್‌ದು ಇರಬಹುದು, ಇನ್ಯಾವುದೋ ಇರಬಹುದು. ಪಾಪ, ಅದು ಏನೂ ಮಾಡಿರಲ್ಲ. ಪ್ರತಿ ಸಲ ಬೇರೆ ಬೇರೆ ಹೆಸರು ಬರ್ತಿದ್ರೆ ಎರಡು ಅನುಮಾನ ಪಡಬೇಕು: ಒಂದು ಕೆಟ್ಟ ರ‍್ಯಾಮ್, ಇನ್ನೊಂದು ಇಂಥ ಹರಿವು.

ಕರ್ನಲ್ ಮಾಡೋರು ಇದನ್ನ ಹಂತ ಹಂತವಾಗಿ ಸರಿಮಾಡಿದರು. 2007ರ ಲಿನಕ್ಸ್ 2.6.22ರಲ್ಲಿ ಎಲ್‌ವಿಎಂ, ರೇಡ್ ಥರ ಒಂದರ ಮೇಲೊಂದು ಕೂತ ಅಂತಸ್ತುಗಳು ಒಂದರೊಳಗೊಂದು ಕರೆಯೋ ಬದಲು ಸಾಲಿನಲ್ಲಿ ನಿಲ್ಲೋ ಹಾಗೆ ಬದಲಾಯಿಸಿದರು. 2010ರಲ್ಲಿ 4 ಕೆಬಿ ಆಯ್ಕೆಯನ್ನೇ ಕೈಬಿಟ್ಟರು. 2014ರ ಜೂನ್‌ನಲ್ಲಿ ಬಂದ ಲಿನಕ್ಸ್ 3.15ರಲ್ಲಿ 64 ಬಿಟ್ ಯಂತ್ರಗಳ ಸ್ಟ್ಯಾಕ್ 8ರಿಂದ 16 ಕೆಬಿಗೆ ಏರಿತು. 2016ರ ಡಿಸೆಂಬರ್‌ನ 4.9ರಲ್ಲಿ ಸ್ಟ್ಯಾಕಿನ ಅಂಚಿಗೆ ಕಾವಲು ಜಾಗ ಇಡೋ ವ್ಯವಸ್ಥೆ ಬಂತು. ಕಾಡಂಚಿನ ಹೊಲಕ್ಕೆ ಹಾಕೋ ಸೋಲಾರ್ ಬೇಲಿ ಇದ್ದ ಹಾಗೆ. ಗೆರೆ ದಾಟಿದ್ರೆ ಅಲ್ಲೇ ಶಾಕ್. ಪಕ್ಕದ ಗದ್ದೆ ಕೆಡೋ ಮುಂಚೆ, ದಾಟಿದವರ ಹೆಸರಿನ ಸಮೇತ ಸಿಕ್ಕಿಬೀಳುತ್ತೆ.

ಅದು ಹಳೇ ಲಿನಕ್ಸ್ ಕತೆ, ನಮಗೇನು?

ಸಂಬಂಧ ಇದೆ. ಹಳೇ ಯಂತ್ರಕ್ಕೆ ಯಾವತ್ತೋ ಹಾಕಿದ ವ್ಯವಸ್ಥೆಯನ್ನೇ ವರ್ಷಗಟ್ಟಲೆ ಓಡಿಸೋ ಅಂಗಡಿಗಳು ನಮ್ಮ ಕಡೆ ಕಮ್ಮಿ ಏನಿಲ್ಲ. ಸಿಸಿಟಿವಿ ರೆಕಾರ್ಡರ್, ಸ್ಟುಡಿಯೋದವರು ಫೋಟೋ ಇಡೋ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆ, ಇವುಗಳಲ್ಲಿ ಹಲವು ಒಳಗೆ ಓಡೋದು ಲಿನಕ್ಕೇ. ಪೆಟ್ಟಿಗೆ ಮಾಡಿದವರು ಅಪ್‌ಡೇಟ್ ಕೊಡೋದು ನಿಲ್ಲಿಸಿದರೆ ಹಳೇ ಕರ್ನಲ್ ಹಳೇದಾಗೇ ಉಳಿಯುತ್ತೆ.

ವಿಂಡೋಸ್‌ನವರಿಗೂ ಇದೇ ರೋಗ ಬೇರೆ ಹೆಸರಲ್ಲಿ ಬರುತ್ತೆ. ವಿಂಡೋಸ್‌ನ ಫೈಲ್‌ಸಿಸ್ಟಮ್ ಎನ್‌ಟಿಎಫ್‌ಎಸ್. ಆಂಟಿವೈರಸ್ ಹಾಕಿದಾಗ ಅದು ಎನ್‌ಟಿಎಫ್‌ಎಸ್ ಮೇಲೆ ಒಂದು ಜರಡಿ ಥರ ಕೂರುತ್ತೆ, ಪ್ರತಿ ಫೈಲನ್ನೂ ಸೋಸುತ್ತೆ. “ಒಂದಿದ್ರೆ ಸಾಲದು” ಅಂತ ಎರಡನೇ ಆಂಟಿವೈರಸ್, ಆಮೇಲೆ ಬ್ಯಾಕಪ್ ಸಾಫ್ಟ್‌ವೇರ್, ಫೋಲ್ಡರ್ ಲಾಕ್ ಮಾಡೋ ಸಾಫ್ಟ್‌ವೇರ್ ಹಾಕಿದರೆ ಜರಡಿ ಮೇಲೆ ಜರಡಿ. ಸ್ಟ್ಯಾಕ್ ಅಷ್ಟೇ ಇದೆ, ತಟ್ಟೆ ಜಾಸ್ತಿ ಆಯ್ತು. ಇಂಥ ಹೊತ್ತಲ್ಲಿ ನೀಲಿ ಪರದೆಯಲ್ಲಿ 0ಎಕ್ಸ್7ಎಫ್ ಅನ್ನೋ ಸಂಖ್ಯೆ, ‘ಅನ್‌ಎಕ್ಸ್‌ಪೆಕ್ಟೆಡ್ ಕರ್ನಲ್ ಮೋಡ್ ಟ್ರ್ಯಾಪ್’ ಅನ್ನೋ ಸಾಲು ಬರಬಹುದು. ಅದರ ಮೊದಲ ವಿವರ 8 ಅಂತ ಇದ್ದರೆ ಸ್ಟ್ಯಾಕ್ ತುಂಬಿರೋ ಸಾಧ್ಯತೆ ಹೆಚ್ಚು. ಅದೇ 0ಎಕ್ಸ್24, ‘ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್’ ಅಂತ ಬಂದರೆ ಡಿಸ್ಕ್ ಇಲ್ಲವೇ ಫೈಲ್‌ಸಿಸ್ಟಮ್ ಕಡೆಗೆ ಮೊದಲು ನೋಡಬೇಕು.

ಹಾಗಂತ ಎಲ್ಲಾ ಕ್ರ್ಯಾಶ್‌ಗೂ ಸ್ಟ್ಯಾಕೇ ಕಾರಣ ಅಂತಲ್ಲ. ಸಡಿಲವಾದ ರ‍್ಯಾಮ್, ಧೂಳು ಹಿಡಿದ ಫ್ಯಾನ್, ಸಾಯ್ತಿರೋ ಡಿಸ್ಕ್, ಏರಿಳಿಯೋ ಕರೆಂಟು, ಇವೇ ಹೆಚ್ಚು ಸಲ ಸಿಗೋ ಕಳ್ಳರು. ಅದಕ್ಕೇ ಕ್ರಮವಾಗಿ ಹುಡುಕಬೇಕು.

ಪತ್ತೆ ಹಚ್ಚೋ ಕ್ರಮ

1. ಮೊದಲು ಫೋಟೋ ತೆಗೆಯಿರಿ. ಪವರ್ ಬಟನ್ ಒತ್ತೋ ಮುಂಚೆ ಮೊಬೈಲ್‌ನಲ್ಲಿ ಪರದೆಯ ಫೋಟೋ ಹೊಡ್ಕೊಳ್ಳಿ. ಲಿನಕ್ಸ್‌ನಲ್ಲಿ ಹಿಂದಿನ ಸಲದ ಸಂದೇಶಗಳನ್ನ ಆಮೇಲೆ ಲಾಗ್‌ನಲ್ಲಿ ನೋಡಬಹುದು ನಿಜ. ಆದರೆ ಕುಸಿದಿದ್ದು ಡಿಸ್ಕ್‌ಗೆ ಬರೆಯೋ ದಾರಿಯೇ ಆಗಿದ್ದರೆ ಕೊನೆಯ ಸಾಲುಗಳು ಡಿಸ್ಕ್ ಸೇರಿರಲ್ಲ. ವಿಂಡೋಸ್ ತಾನಾಗೇ ರೀಸ್ಟಾರ್ಟ್ ಆಗ್ತಿದ್ರೆ ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ, ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ ಆ ಟಿಕ್ ತೆಗೆಯಿರಿ. ವಿಂಡೋಸ್ ಫೋಲ್ಡರಿನ ಒಳಗಿರೋ ಮಿನಿಡಂಪ್ ಫೋಲ್ಡರ್ ಅಳಿಸಬೇಡಿ, ಸಾಕ್ಷಿ ಅಲ್ಲೇ ಇರೋದು.

2. ಯಾವಾಗ ಆಗುತ್ತೆ ಅಂತ ಬರೆದಿಡಿ. ದೊಡ್ಡ ಕಾಪಿ ಹೊತ್ತಲ್ಲಾ? ನೆಟ್‌ವರ್ಕ್ ಮೂಲಕ ಫೈಲ್ ಹಾಕುವಾಗಲಾ? ಅಥವಾ ಸುಮ್ಮನೆ ಕೂತಾಗಲೂ ಆಗುತ್ತಾ? ಒಂದೇ ಥರದ ಕೆಲಸಕ್ಕೆ ಮತ್ತೆ ಮತ್ತೆ ಆದರೆ ಸಾಫ್ಟ್‌ವೇರ್ ಜೋಡಣೆ ಮೇಲೆ ಅನುಮಾನ. ಗೊತ್ತುಗುರಿ ಇಲ್ಲದೆ ಆದರೆ ರ‍್ಯಾಮ್, ಬಿಸಿ, ಕರೆಂಟ್ ಮೇಲೆ.

3. ರಿಪೇರಿಗಿಂತ ಮೊದಲು ಫೈಲ್ ಹೊರಗೆ ತೆಗೆಯಿರಿ. ಪೆನ್‌ಡ್ರೈವ್‌ನಿಂದ ಓಡೋ ಲೈವ್ ಲಿನಕ್ಸ್ ಹಾಕಿ, ಡಿಸ್ಕನ್ನ ‘ಓದಲು ಮಾತ್ರ’ ಅಂತ ತೆರೆದು, ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಇದರಿಂದ ಇನ್ನೊಂದು ಲಾಭ ಇದೆ. ಅದೇ ಡಿಸ್ಕ್, ಅದೇ ರ‍್ಯಾಮ್, ಹೊಸ ಕರ್ನಲ್‌ನಲ್ಲಿ ಗಂಟೆಗಟ್ಟಲೆ ಕಾಪಿ ಸರಾಗವಾಗಿ ಆಯ್ತು ಅಂದ್ರೆ ಅನುಮಾನ ಹಳೇ ವ್ಯವಸ್ಥೆಯ ಕಡೆ ತಿರುಗುತ್ತೆ.

4. ಯಂತ್ರದ ಆರೋಗ್ಯ ನೋಡಿ. ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ ಮಾಡಿ. ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳೋ ಸ್ಮಾರ್ಟ್ ವರದಿ ತೆಗೆದು ನೋಡಿ.

5. ಫೈಲ್‌ಸಿಸ್ಟಮ್ ಪರೀಕ್ಷೆ, ಆದರೆ ಕೈ ಹಾಕದೆ. ವಿಂಡೋಸ್‌ನ ಚೆಕ್‌ಡಿಸ್ಕ್, ಲಿನಕ್ಸ್‌ನ ಎಫ್‌ಎಸ್‌ಸಿಕೆ, ಎಕ್ಸ್‌ಎಫ್‌ಎಸ್ ರಿಪೇರ್, ಮೂರಕ್ಕೂ ‘ಬರೀ ನೋಡು, ತಿದ್ದಬೇಡ’ ಅನ್ನೋ ವಿಧಾನ ಇದೆ. ಮೊದಲು ಅದನ್ನೇ ಓಡಿಸಿ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರೋ ಡಿಸ್ಕ್ ಭಾಗದ ಮೇಲೆ ರಿಪೇರಿ ಓಡಿಸಲೇಬೇಡಿ. ಎಕ್ಸ್‌ಎಫ್‌ಎಸ್ ರಿಪೇರ್‌ಗೆ ದೊಡ್ಡ ಅಕ್ಷರದ ‘ಎಲ್’ ಹಾಕಿದರೆ ಬರೆಯೋದು ಬಾಕಿ ಇದ್ದ ಲೆಕ್ಕವನ್ನೇ ಅಳಿಸಿಬಿಡುತ್ತೆ. ಅದು ಕಟ್ಟಕಡೆಯ ದಾರಿ, ಅದೂ ಕಾಪಿ ಇಟ್ಟುಕೊಂಡ ಮೇಲೆ.

6. ಅಂತಸ್ತು ಎಣಿಸಿ. ಆಂಟಿವೈರಸ್ ಎಷ್ಟು, ಬ್ಯಾಕಪ್, ಲಾಕ್, ರೇಡ್, ಎಲ್‌ವಿಎಂ ಏನೇನಿದೆ ಅಂತ ಪಟ್ಟಿ ಮಾಡಿ. ಕಾಪಿ ಇಟ್ಟುಕೊಂಡು, ತೆಗೆಯಬಹುದಾದ್ದನ್ನ ಒಂದು ಸಲಕ್ಕೆ ಒಂದನ್ನೇ ತೆಗೆದು ನೋಡಿ. ಎರಡು ಒಟ್ಟಿಗೆ ತೆಗೆದರೆ ಯಾವುದು ಕಾರಣ ಅಂತ ಗೊತ್ತಾಗಲ್ಲ. ರೇಡ್, ಎಲ್‌ವಿಎಂ ಮಾತ್ರ ಸುಮ್ಮನೆ ಬಿಚ್ಚಬೇಡಿ, ಅವುಗಳ ಒಳಗೇ ಫೈಲ್ ಇರೋದು.

7. ಕರ್ನಲ್ ಯಾವುದು ನೋಡಿ. ಲಿನಕ್ಸ್‌ನಲ್ಲಿ ‘ಯುನೇಮ್’ ಆಜ್ಞೆ ಆವೃತ್ತಿ ಹೇಳುತ್ತೆ. ಬಹಳಷ್ಟು ಲಿನಕ್ಸ್‌ಗಳಲ್ಲಿ ಬೂಟ್ ಫೋಲ್ಡರಿನ ಕಾನ್ಫಿಗ್ ಫೈಲ್‌ನಲ್ಲಿ ‘4ಕೆಸ್ಟ್ಯಾಕ್ಸ್’ ಆನ್ ಇದೆಯಾ, ‘ವಿಮ್ಯಾಪ್ ಸ್ಟ್ಯಾಕ್’ ಆನ್ ಇದೆಯಾ ಅಂತ ಕಾಣುತ್ತೆ. ಮೊದಲನೆಯದು ಇದ್ದರೆ ಕರ್ನಲ್ ಬದಲಿಸಲೇಬೇಕು. ಎರಡನೆಯದು ಇದ್ದರೆ ಕಾವಲು ಇದೆ ಅಂತ ಅರ್ಥ.

ಮೋಸ ಹೋಗೋ ಜಾಗ

ಸ್ಟ್ಯಾಕ್ ತೊಂದರೆ ಅಂತ ಗೊತ್ತಾದ ಮೇಲೆ ಹಲವರು ‘ಯುಲಿಮಿಟ್’ ಆಜ್ಞೆ ಕೊಟ್ಟು ಸ್ಟ್ಯಾಕ್ ಅಳತೆ ಏರಿಸ್ತಾರೆ. ಅದು ಮೇಲಿನ ಕಾರ್ಯಕ್ರಮಗಳ ಸ್ಟ್ಯಾಕ್‌ಗೆ ಮಾತ್ರ. ಕರ್ನಲ್ ಸ್ಟ್ಯಾಕ್ ಅಳತೆ ಕರ್ನಲ್ ಕಟ್ಟುವಾಗಲೇ ನಿಗದಿಯಾಗಿರುತ್ತೆ. ಯಂತ್ರ ಓಡುವಾಗ ಯಾವ ಸೆಟ್ಟಿಂಗಿನಿಂದಲೂ ಅದು ಬೆಳೆಯಲ್ಲ. ಬದಲಿಸಬೇಕಂದ್ರೆ ಬೇರೆ ಕರ್ನಲ್ ಹಾಕಬೇಕು, ಇಲ್ಲಾ ಅಂತಸ್ತು ಕಮ್ಮಿ ಮಾಡಬೇಕು.

ಕಂಪ್ಯೂಟರ್ ಸೈನ್ಸ್ ಓದೋ ಹುಡುಗರು ಇದನ್ನ ಕಣ್ಣಾರೆ ನೋಡಬೇಕಂದ್ರೆ ಲಿನಕ್ಸ್‌ನಲ್ಲಿ ‘ಸ್ಟ್ಯಾಕ್ ಟ್ರೇಸರ್’ ಅನ್ನೋ ಸೌಲಭ್ಯ ಇದೆ. ಆನ್ ಮಾಡಿ ದೊಡ್ಡ ಕಾಪಿ ಹಾಕಿದರೆ ಇದುವರೆಗಿನ ಅತಿ ಆಳದ ಸರಪಳಿ ಯಾವುದು, ಯಾರ ತಟ್ಟೆ ಎಷ್ಟು ಬೈಟ್ ಅಂತ ಪಟ್ಟಿ ಕೊಡುತ್ತೆ. ಆ ಸೌಲಭ್ಯ ಸೇರಿಸಿ ಕಟ್ಟಿದ ಕರ್ನಲ್ ಆಗಿರಬೇಕು, ಅಷ್ಟೇ.

ರಿಪೇರಿಯವರಿಗೆ ಏನು ಹೇಳಬೇಕು?

ಅಂಗಡಿಯವರು ಇಷ್ಟೆಲ್ಲ ತಾವೇ ಮಾಡಬೇಕಿಲ್ಲ. ಆದರೆ ಮೂರು ಮಾತು ಹೇಳಿದರೆ ಸಾಕು. “ಅಣ್ಣ, ಪರದೆ ಫೋಟೋ ಇಲ್ಲಿದೆ ನೋಡಿ. ಇಂಥ ಕೆಲಸ ಮಾಡುವಾಗ ಇಂತಿಂಥ ದಿನ ಆಯ್ತು. ಮೊದಲು ಫೈಲೆಲ್ಲ ಬೇರೆ ಡಿಸ್ಕ್‌ಗೆ ಹಾಕ್ಕೊಡಿ, ಆಮೇಲೆ ಉಳಿದಿದ್ದು.”

ಫಾರ್ಮ್ಯಾಟ್ ಮಾಡಲೇಬಾರದು ಅಂತೇನಿಲ್ಲ. ಡಿಸ್ಕ್ ಸರಿಯಿದ್ದು ವ್ಯವಸ್ಥೆ ಮಾತ್ರ ಕೆಟ್ಟಿದ್ದರೆ, ಫೈಲೆಲ್ಲ ಹೊರಗೆ ಬಂದ ಮೇಲೆ ಹೊಸ ವ್ಯವಸ್ಥೆ ಹಾಕೋದು ಒಳ್ಳೇದೇ. ಆದರೆ ಅದೇ ಹಳೇ ಸೀಡಿ, ಅದೇ ಎರಡು ಆಂಟಿವೈರಸ್ ವಾಪಸ್ ಹಾಕಿದರೆ ಸ್ಟ್ಯಾಂಡು ಅಷ್ಟೇ, ತಟ್ಟೆಯೂ ಅಷ್ಟೇ. ಮುಂದಿನ ಮದುವೆ ಸೀಸನ್‌ನಲ್ಲಿ ದೊಡ್ಡ ಫೋಲ್ಡರ್ ಕಾಪಿಗೆ ಹಾಕಿದ ದಿನ ಅದೇ ನೀಲಿ ಪರದೆ ಬರುತ್ತೆ.